ಆಟ ನಿಂತಾಗ ಊದಿದ ಸೀಟಿ

ಈ ಶ್ರಾವಣದಲ್ಲಿ ರೋಣದ ಬಯಲಿಗೆ ನನ್ನನ್ನು ಅತಿಥಿಯಾಗಿ ಕರೆದಿದ್ದರು. ಹೈಸ್ಕೂಲು ಹುಡುಗಿಯರ ಬಾಸ್ಕೆಟ್‌ಬಾಲ್ ಪಂದ್ಯ. ಶಾಮಿಯಾನದ ಕೆಳಗೆ ಬಟ್ಟೆ ಹೊದಿಸಿದ ಕುರ್ಚಿಯ ಮೇಲೆ ಕುಳಿತಿದ್ದೆ. ಮೇಜಿನ ಕಡೆಯಿಂದ ಟೈಮ್‌ಔಟಿನ ಸದ್ದಾಯಿತು. ಚೆಂಡು ನಿಂತಿತು, ಎರಡೂ ತಂಡಗಳು ತಮ್ಮ ತಮ್ಮ ಬೆಂಚಿನ ಕಡೆ ನಡೆದವು. ಅಷ್ಟರಲ್ಲಿ ಶುಂಠಿ ಹಾಕಿ ಕುದಿಸಿದ ಚಹಾದ ವಾಸನೆ, ಆಗಷ್ಟೇ ನಿಂತ ಮಳೆಗೆ ನೆನೆದ ಎರೆಮಣ್ಣಿನ ವಾಸನೆಯೊಡನೆ ಬೆರೆತು ಬಂತು. ತಟ್ಟೆಯಲ್ಲಿ ಕಪ್ಪುಗಳು ಬಂದವು. ಇಬ್ಬರು ತೀರ್ಪುಗಾರರೂ ಅಂಗಣಕ್ಕೆ ಬೆನ್ನು ತಿರುಗಿಸಿ ಕಪ್ಪಿಗೆ ಕೈ ಚಾಚಿದರು.

ಆ ವಾಸನೆ ಬೇರೆಯವರಿಗೆ ಹಿತವಾಗಿರಬಹುದು. ನನಗೆ ಅಂಗಾಲಿನಿಂದ ಸಿಟ್ಟು ಏರುತ್ತದೆ. ಆ ಕಪ್ಪುಗಳ ಹಿಂದೆ ಒಬ್ಬ ಹುಡುಗಿಯ ಬದುಕು ಹೇಗೆ ಮುಚ್ಚಿಹೋಯಿತೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಂಡದ್ದನ್ನು ಹೇಳದೆ ಇರುವುದು ನನಗೆ ಬಾರದು.

ಕೆಲವು ವರ್ಷಗಳ ಹಿಂದೆ ನಾನು ರೋಣ ತಾಲೂಕಿನ ಹಳ್ಳಿಯೊಂದರ ಶಾಲೆಗೆ ದೈಹಿಕ ಶಿಕ್ಷಣದ ಶಿಕ್ಷಕಿಯಾಗಿ ಬಂದೆ. ತೀರ್ಪುಗಾರರ ಪರೀಕ್ಷೆಯನ್ನು ಅದೇ ಬೇಸಿಗೆಯಲ್ಲಿ ಪಾಸು ಮಾಡಿದ್ದೆ. ನಾನು ಓದಿದ ಶಾಲೆಯಲ್ಲಿ ‘ಯಾಕೆ’ ಎಂದು ಕೇಳಿದವರಿಗೆ ಉತ್ತರ ಸಿಗುತ್ತಿತ್ತು, ಏಟು ಸಿಗುತ್ತಿರಲಿಲ್ಲ. ಅಂಥ ಶಾಲೆಗಳ ದೋಷ ಒಂದೇ, ಹೊರಗಿನ ಜಗತ್ತೂ ಹಾಗೆಯೇ ಇದೆಯೆಂದು ನಂಬಿಸಿ ಕಳಿಸುತ್ತವೆ.

ಆ ವರ್ಷ ಮಳೆ ಹದವಾಗಿ ಬಿದ್ದಿತ್ತು. ಹೆಸರುಕಾಯಿ ಬಿಡಿಸುವ ಕಾಲ. ಮುಶಿಗೇರಿಯ ಕಡೆ ಹೋಗುವ ಬಸ್ಸುಗಳ ತುಂಬ ಕೂಲಿಗೆ ಹೊರಟ ಹೆಂಗಸರು, ಅವರ ಬುತ್ತಿಯ ಗಂಟುಗಳು. ಬಿಸಿಲು ಬಿದ್ದ ದಿನ ಡಾಂಬರು ರಸ್ತೆಯ ಮೇಲೆಯೇ ಹೆಸರಿನ ಗಿಡ ಹರವಿ, ನಮ್ಮ ಬಸ್ಸಿನ ಗಾಲಿಯಿಂದ ಒಕ್ಕಣೆ ಮಾಡಿಸಿಕೊಳ್ಳುತ್ತಿದ್ದರು. ಮಳೆ ಬಂದರೆ ಎರೆಮಣ್ಣು ಬೂಟಿನಡಿಗೆ ಹಿಟ್ಟಿನಂತೆ ಮೆತ್ತಿಕೊಳ್ಳುತ್ತಿತ್ತು. ಹುಡುಗಿಯರು ಅಂಗಣಕ್ಕೆ ಇಳಿಯುವ ಮುನ್ನ ಕಡ್ಡಿಯಿಂದ ಬೂಟು ಕೆರೆಯುತ್ತ ಕೂರುತ್ತಿದ್ದರು.

ರೋಣ, ನರಗುಂದ, ಗಜೇಂದ್ರಗಡ ಈ ಮೂರು ಊರುಗಳ ಹುಡುಗಿಯರಿಗೆಂದು ಹಿರಿಯರ ಸಮಿತಿಯೊಂದು ಶ್ರಾವಣದಲ್ಲಿ ಪಂದ್ಯಾವಳಿ ನಡೆಸುತ್ತಿತ್ತು. ಮೊದಲ ಸುತ್ತು ರೋಣದಲ್ಲಿ, ಎರಡನೆಯದು ನರಗುಂದದಲ್ಲಿ, ಫೈನಲ್ ಗಜೇಂದ್ರಗಡದಲ್ಲಿ. ಸಮಿತಿಯ ಅಧ್ಯಕ್ಷರು ರೋಣದ ದೊಡ್ಡ ಜಮೀನುದಾರರು. ಎಲ್ಲರೂ ಅವರನ್ನು ಅಪ್ಪಾಸಾಹೇಬರು ಎನ್ನುತ್ತಿದ್ದರು. ರೋಣದ ತಂಡದ ನಾಯಕಿ ಶ್ವೇತಾ ಅವರ ಮೊಮ್ಮಗಳು. ಮುಖ್ಯ ತೀರ್ಪುಗಾರ ಶೇಖರಪ್ಪ ಮಾಸ್ತರು, ಅಪ್ಪಾಸಾಹೇಬರ ಹಳೆಯ ಗೆಳೆಯ. ನಿಯಮದ ಪುಸ್ತಕ ಅವರಿಗೆ ಬಾಯಿಪಾಠವಾಗಿತ್ತು. ಅವರು ಏನೂ ಅರಿಯದವರಾಗಿದ್ದರೆ ನಾನು ಇಷ್ಟು ಸಿಟ್ಟಾಗುತ್ತಿರಲಿಲ್ಲ.

ಗಜೇಂದ್ರಗಡದ ತಂಡದ ನಾಯಕಿ ಗಿರಿಜಾ, ನೇಕಾರರ ಓಣಿಯ ಹುಡುಗಿ. ಶಾಲೆಗೆ ಬರುವ ಮುನ್ನ ಮನೆಯಲ್ಲಿ ಮಗ್ಗದ ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತಿಟ್ಟೇ ಬರಬೇಕಿತ್ತು. ಹಾಗೆ ಪಳಗಿದ ಮಣಿಕಟ್ಟಿನಿಂದ ಚೆಂಡು ಬಿಟ್ಟರೆ ಅದು ರಿಂಗನ್ನು ಮುಟ್ಟದೆ ಬಲೆಗೆ ಇಳಿಯುತ್ತಿತ್ತು. ಅವಳ ತಾಯಿ ಶಾಂತವ್ವ ತಾವು ನೇಯ್ದ ಸೀರೆಗಳ ಗಂಟು ಹೊತ್ತು ಬಸ್ಸಿನಲ್ಲಿ ಊರೂರು ತಿರುಗಿ ಮಾರುತ್ತಿದ್ದಳು. ಇಟಗಿಯ ಭೀಮಾಂಬಿಕೆಗೆ ನಡೆದುಕೊಳ್ಳುವವಳು, ಆಟದ ದಿನ ಅಲ್ಲಿಯ ಕುಂಕುಮವನ್ನು ಮಗಳ ಹಣೆಗೆ ಇಟ್ಟೇ ಕಳಿಸುತ್ತಿದ್ದಳು. ಹತ್ತನೆಯ ತರಗತಿ ಮುಗಿದೊಡನೆ ಗಿರಿಜಾ ಮಗ್ಗಕ್ಕೆ ಕೂರುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಆದರೆ ಆ ವರ್ಷ ಕ್ರೀಡಾ ವಸತಿನಿಲಯದ ಆಯ್ಕೆಗಾರರು ಫೈನಲ್ ನೋಡಲು ಬರುತ್ತಾರೆ, ಒಬ್ಬಳನ್ನು ಆರಿಸುತ್ತಾರೆ ಎಂಬ ಸುದ್ದಿ ಬಂತು. ಆ ಸೀಟು ಸಿಕ್ಕರೆ ಊಟ, ಓದು, ಆಟ ಮೂರೂ ಸಿಗುತ್ತಿದ್ದವು.

“ಆರಿಸಿದ್ರ ಕಳಸ್ತೀನ್ರಿ ಅಕ್ಕೋರ,” ಎಂದು ಶಾಂತವ್ವ ನಮ್ಮ ಹಳ್ಳಿಗೆ ಸೀರೆ ಮಾರಲು ಬಂದಾಗ ನನಗೆ ಹೇಳಿದ್ದಳು. “ಆರಿಸಲಿಲ್ಲಂದ್ರ ಮಗ್ಗ ಎಲ್ಲಿಗೂ ಓಡಿ ಹೋಗಂಗಿಲ್ಲ.”

ಟೈಮ್‌ಔಟ್ ಎಂದರೆ ತರಬೇತುದಾರ ಕೇಳಿ ಪಡೆಯುವ ಒಂದು ನಿಮಿಷದ ಬಿಡುವು. ಗಡಿಯಾರ ನಿಲ್ಲುತ್ತದೆ, ನಿಯಮ ನಿಲ್ಲುವುದಿಲ್ಲ. ತೀರ್ಪುಗಾರರ ಅಧಿಕಾರ ಆಟಕ್ಕೆ ಮುನ್ನವೇ ಆರಂಭವಾಗಿ ಕೊನೆಯ ಸಹಿ ಬೀಳುವವರೆಗೂ ಇರುತ್ತದೆ. ಬಿಡುವಿನಲ್ಲಿ ಒಂದು ತಂಡ ಇನ್ನೊಂದನ್ನು ಹಂಗಿಸಿದರೆ, ಕೆಣಕಿದರೆ, ಅವರ ಗುಂಪಿನೊಳಗೆ ನುಗ್ಗಿದರೆ, ಮೊದಲು ಎಚ್ಚರಿಕೆ, ಕೇಳದಿದ್ದರೆ ಟೆಕ್ನಿಕಲ್ ಫೌಲ್. ಎದುರಾಳಿಗೆ ಒಂದು ಫ್ರೀ ಥ್ರೋ, ಅಂದರೆ ಯಾರ ತಡೆಯೂ ಇಲ್ಲದೆ ಒಂದು ಅಂಕಕ್ಕೆ ಚೆಂಡೆಸೆಯುವ ಅವಕಾಶ. ಇದರಲ್ಲಿ ಗೊಂದಲವೇನೂ ಇಲ್ಲ. ಇದನ್ನು ಜಾರಿ ಮಾಡಬೇಕಾದರೆ ತೀರ್ಪುಗಾರರು ಆ ನಿಮಿಷದಲ್ಲಿ ಎರಡೂ ಬೆಂಚುಗಳು ಕಾಣುವಂತೆ ಅಂಗಣದಲ್ಲೇ ನಿಂತಿರಬೇಕು, ಅಷ್ಟೇ.

ಈ ಸೀಮೆಯಲ್ಲಿ ಅವರು ನಿಲ್ಲುತ್ತಿರಲಿಲ್ಲ. ಟೈಮ್‌ಔಟ್ ಎಂದರೆ ಅಂಪೈರರ ಚಹಾದ ಹೊತ್ತು. ಆಟ ನಡೆಸುವ ಊರಿನ ಮರ್ಯಾದೆ ಆ ಕಪ್ಪಿನಲ್ಲಿತ್ತು. ಶಾಮಿಯಾನದಿಂದ ತಟ್ಟೆ ಹೊರಟರೆ ಇಬ್ಬರೂ ಅದರತ್ತ ನಡೆದು, ಹಿರಿಯರ ಕಡೆ ಮುಖ ಮಾಡಿ, ಎರಡು ಮಾತಾಡಿ, ಕುಡಿದು ಬರಬೇಕು. ಬೇಡವೆಂದರೆ ಊರನ್ನೇ ಬೇಡವೆಂದಂತೆ. ಆ ನಿಮಿಷದಲ್ಲಿ ತಮ್ಮನ್ನು ನೋಡುವವರಿಲ್ಲ ಎಂಬುದನ್ನು ರೋಣದ ತಂಡ ಚೆನ್ನಾಗಿ ಕಲಿತಿತ್ತು. ಅವರ ತರಬೇತುದಾರ ಮಲ್ಲನಗೌಡ ಸರ್ ಕಲಿಸಿದ್ದರು ಎಂದೇ ಬರೆಯುತ್ತೇನೆ. ಮಕ್ಕಳು ತಾವಾಗಿಯೇ ಅಷ್ಟು ಅಚ್ಚುಕಟ್ಟಾಗಿ ದುಷ್ಟರಾಗುವುದಿಲ್ಲ.

ರೋಣದ ಪಂದ್ಯದಲ್ಲಿ ನಾನು ಎರಡನೆಯ ತೀರ್ಪುಗಾರಳು. ಗಜೇಂದ್ರಗಡ ಮುಂದಿತ್ತು. ಮಲ್ಲನಗೌಡರು ಟೈಮ್‌ಔಟ್ ಕೇಳಿದರು. ತಟ್ಟೆ ಬಂತು. ನಾನು ಕದಲದೆ ನಿಂತಿದ್ದರಿಂದ ಕಂಡೆ. ರೋಣದ ಹುಡುಗಿಯರು ಸರ್ ಸುತ್ತ ಸೇರಲಿಲ್ಲ. ಬದಲಿ ಆಟಗಾರ್ತಿಯರೂ ಸೇರಿ ಗಜೇಂದ್ರಗಡದ ಬೆಂಚಿನ ಸಮೀಪಕ್ಕೆ ಹೋಗಿ, ಸಾಲಾಗಿ ನಿಂತು, ಬೂಟುಗಾಲಿನಿಂದ ಸಿಮೆಂಟಿನ ಮೇಲೆ ಮಗ್ಗದ ಸದ್ದು ಮಾಡತೊಡಗಿದರು.

“ಖಟಕ್ ಖಟಕ್, ಖಟಕ್ ಖಟಕ್. ಕಂಡಿಕಿ ಸುತ್ತವ್ವಾ ಗಿರಿಜಾ, ಕಂಡಿಕಿ ಸುತ್ತ.”

ಒಬ್ಬಳು ಸಣ್ಣ ದನಿಯಲ್ಲಿ ಸೇರಿಸಿದಳು: “ನಿಮ್ಮವ್ವ ನಿನ್ನೆ ನಮ್ಮ ಮನಿ ಬಾಗಲಾಗ ಗಂಟ ಹೊತ್ತು ನಿಂತಿದ್ಲು. ನಮ್ಮಜ್ಜಿ ಒಳಗ ಕರೀಲಿಲ್ಲ.”

ಉಳಿದವರು ನಕ್ಕರು. ಗಿರಿಜಾ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದವಳು ತಲೆ ಎತ್ತಲಿಲ್ಲ. ಕಟ್ಟಿದ್ದನ್ನೇ ಬಿಚ್ಚಿ ಮತ್ತೆ ಕಟ್ಟಿದಳು.

ಇದನ್ನು ಹುಡುಗಾಟ ಎನ್ನುವವರಿದ್ದಾರೆ. ಆಗಲೂ ಇದ್ದರು. ನಾನು ಹಾಗೆನ್ನುವುದಿಲ್ಲ. ದುಡಿಮೆಯನ್ನು ಹೀಯಾಳಿಸುವುದು ಒಂದು ತಪ್ಪು, ತಾಯಿಯನ್ನು ಹೊಸ್ತಿಲ ಹೊರಗೆ ನಿಲ್ಲಿಸಿ ಅದನ್ನು ಮಗಳ ಮುಂದೆ ಹಾಡುವುದು ಇನ್ನೊಂದು. ದೊಡ್ಡವರು ಅದನ್ನು ಕೇಳಿಸಿಕೊಂಡೂ ಕೇಳದಂತೆ ಬೆನ್ನು ಕೊಡುವುದು ಎರಡಕ್ಕಿಂತಲೂ ದೊಡ್ಡ ತಪ್ಪು. ನಾನು ಎಚ್ಚರಿಕೆ ಕೊಟ್ಟೆ. ಮಲ್ಲನಗೌಡರು ಮುಗುಳ್ನಕ್ಕರು, ಹುಡುಗಿಯರು ಇನ್ನೂ ಜೋರಾಗಿ ಕಾಲು ಬಡಿದರು. ಸೀಟಿ ಊದಿದೆ. ಕೈಗಳಿಂದ ಟಿ ಆಕಾರ ಮಾಡಿ ರೋಣದ ಬೆಂಚನ್ನು ತೋರಿಸಿದೆ.

ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು: “ಆಟನ ನಿಂತೈತಲ್ರೀ ಅಕ್ಕೋರ, ಸೀಟಿ ಯಾಕ ಊದಿದ್ರಿ?”

ಇಡೀ ಬಯಲು ನಕ್ಕಿತು. ಶೇಖರಪ್ಪ ಮಾಸ್ತರು ಕಪ್ಪು ಕೆಳಗಿಟ್ಟು ನಿಧಾನವಾಗಿ ಬಂದರು.

“ಏನಾತ್ರಿ?”

ಹೇಳಿದೆ. ಅವರು ತಲೆಯಾಡಿಸಿದರು. ಮೇಜಿನ ಕಡೆ ತಿರುಗಿ, ಏನನ್ನೂ ಬರೆಯಬೇಡಿ ಎಂಬಂತೆ ಕೈ ಬೀಸಿದರು.

“ಮಾಸ್ತರ, ನಿಯಮ ಐತಿ,” ಎಂದೆ.

“ನಿಯಮ ಐತ್ರಿ, ನಾ ಇಲ್ಲ ಅಂದನೇನು? ರೂಢಿ ಇಲ್ಲ.” ದನಿ ಇಳಿಸಿ, ಮಗಳಿಗೆ ಬುದ್ಧಿ ಹೇಳುವವರಂತೆ ಮುಂದುವರಿಸಿದರು: “ಹೊಸದಾಗಿ ಬಂದೀರಿ. ಮೊದಲ ಒಂದು ಕಪ್ ಚಹಾ ಕುಡೀರಿ. ಸಾಹೇಬ್ರು ನೋಡಾಕತ್ತಾರ.”

ಒಬ್ಬ ತೀರ್ಪುಗಾರ ತನ್ನ ಕರ್ತವ್ಯದೊಳಗೆ ಕೊಟ್ಟ ತೀರ್ಪನ್ನು ಇನ್ನೊಬ್ಬ ಅಳಿಸುವಂತಿಲ್ಲ. ಇದೂ ಅವರಿಗೆ ಬಾಯಿಪಾಠವಿದ್ದ ಪುಸ್ತಕದಲ್ಲೇ ಇದೆ. ನಾನು ಚಹಾ ಕುಡಿಯಲಿಲ್ಲ. ಆ ದಿನ ರೋಣ ಗೆದ್ದಿತು. ಸಂಜೆಯ ಹೊತ್ತಿಗೆ ಬಸ್‌ಸ್ಟ್ಯಾಂಡಿನ ತನಕ ಸುದ್ದಿ ಹರಡಿತ್ತು, ಹೊಸ ಅಕ್ಕೋರಿಗೆ ಭಾಳ ಸೊಕ್ಕು, ಸಾಹೇಬರ ಮನೆಯ ಚಹಾ ಒಲ್ಲೆ ಅಂದಳಂತೆ ಎಂದು. ಮಗ್ಗದ ಸದ್ದಿನ ಸುದ್ದಿಯನ್ನು ಮಾತ್ರ ಯಾರೂ ಹೊತ್ತೊಯ್ದಿರಲಿಲ್ಲ.

ನರಗುಂದದ ಸುತ್ತಿಗೆ ನನ್ನ ಕೈಯಿಂದ ಸೀಟಿ ತೆಗೆದುಕೊಂಡು ಗಡಿಯಾರ ಕೊಟ್ಟರು. ಮೇಜಿನ ಹಿಂದೆ ಕುಳಿತು ಹೊತ್ತು ನೋಡುವ ಕೆಲಸ. ನರಗುಂದದ ಗುಡ್ಡದ ಮೇಲೆ ಅಂದು ಮೋಡ ಕೂತೇ ಇತ್ತು, ತುಂತುರು ಬಿಟ್ಟುಬಿಟ್ಟು ಬೀಳುತ್ತಿತ್ತು. ಟೈಮ್‌ಔಟ್ ಆದಾಗಲೆಲ್ಲ ಚಹಾದ ಜೊತೆ ಬಿಸಿ ಮಿರ್ಚಿಯೂ ಬಂತು. ಆ ನಿಮಿಷಗಳಲ್ಲಿ ರೋಣದ ಬದಲಿ ಆಟಗಾರ್ತಿಯರು ನೀರಿನ ಬಾಟಲಿ ಹಿಡಿದು ಗಜೇಂದ್ರಗಡದ ಬೆಂಚಿನ ಮುಂದೆ ತಿರುಗಾಡಿದರು. ಗಿರಿಜಾ ನಿಂತು ಚೆಂಡು ಎಸೆಯುವ ಜಾಗಕ್ಕೆ ನೀರು ಸುರಿದರು. ಗಜೇಂದ್ರಗಡದ ಹುಡುಗಿಯರು ಸುತ್ತುಗಟ್ಟಿ ಮಾತಾಡುವಾಗ ನಡುವೆ ತಲೆ ಹಾಕಿ, “ಏನ್ ಪ್ಲಾನು? ಸೀರಿಗೆ ಜರಿ ಹಚ್ಚೂದೇನು?” ಎಂದರು. ಕಾಲುಗಳು ಮತ್ತೆ ಮಗ್ಗ ನೇಯ್ದವು. ಗಡಿಯಾರ ಬಿಟ್ಟು ನಾನು ಏಳುವಂತಿರಲಿಲ್ಲ. ಕುಳಿತಲ್ಲಿಂದಲೇ ಕೂಗಿದೆ.

“ಮಾಸ್ತರ, ಈ ಕಡೆ ನೋಡ್ರಿ.”

ಶೇಖರಪ್ಪ ಮಾಸ್ತರು ಮಿರ್ಚಿ ಹಿಡಿದ ಕೈಯನ್ನೇ ಎತ್ತಿ, ಸ್ವಲ್ಪ ತಡೆಯಿರಿ ಎಂದು ಸನ್ನೆ ಮಾಡಿದರು. ಅವರು ಬಾಯಿ ಒರೆಸಿಕೊಂಡು ತಿರುಗುವಷ್ಟರಲ್ಲಿ ನಿಮಿಷ ಮುಗಿದಿತ್ತು. ಹುಡುಗಿಯರು ತಮ್ಮ ಜಾಗದಲ್ಲಿದ್ದರು. ನೆಲದ ಮೇಲಿನ ನೀರನ್ನು ಮಳೆಯ ಲೆಕ್ಕಕ್ಕೆ ಹಾಕಿದರು. ಗಿರಿಜಾ ಅದೇ ಜಾಗದಲ್ಲಿ ಜಾರಿ ಬಿದ್ದು ಮೊಣಕಾಲು ತರಚಿಕೊಂಡಳು. ಎದ್ದು ಆಡಿದಳು. ಅವತ್ತು ಅವಳ ತಂಡ ಗೆದ್ದಿತು. ನರಗುಂದದ ತಂಡ ಇಬ್ಬರಿಗೂ ಸೋತು ಹೊರಬಿದ್ದಿತ್ತು, ಹಾಗಾಗಿ ಫೈನಲ್ ಇವರಿಬ್ಬರ ನಡುವೆಯೇ ಎಂದಾಯಿತು.

ಪಂದ್ಯದ ನಂತರ ಸಮಿತಿಯವರು ಕುಳಿತಿದ್ದಲ್ಲಿಗೆ ಹೋಗಿ ಕಂಡದ್ದೆಲ್ಲ ಹೇಳಿದೆ. ಒಂದೊಂದು ತಪ್ಪಿಗೂ ಅದರದರ ಹೆಸರು ಇಟ್ಟೇ ಹೇಳಿದೆ. ಅಪ್ಪಾಸಾಹೇಬರು ಪೂರ್ತಿ ಕೇಳಿಸಿಕೊಂಡರು. ಸಭ್ಯರು ಅವರು, ಎಂದೂ ದನಿ ಎತ್ತಿದವರಲ್ಲ.

“ಅಕ್ಕೋರ, ನೀವು ಭಾಳ ಓದೀರಿ,” ಎಂದರು. “ಹುಡ್ಗ್ಯಾರು ಒಂದೀಟು ಚ್ಯಾಷ್ಟಿ ಮಾಡ್ತಾವ. ಅದಕ್ಕೂ ಕಾಯ್ದೆ ಹಚ್ಚಿದ್ರ ಆಟ ಉಳಿತದೇನ್ರಿ?”

“ಆ ಚ್ಯಾಷ್ಟಿ ನಿಮ್ಮ ಮೊಮ್ಮಗಳಿಗೆ ಯಾರರ ಮಾಡಿದ್ರ, ಸಾಹೇಬ್ರ?”

ಅವರು ನಕ್ಕರು. ಆಮೇಲೆ ಶೇಖರಪ್ಪ ಮಾಸ್ತರರ ಕಡೆ ತಿರುಗಿ ಹೇಳಿದರು: “ಫೈನಲ್ಲಿಗೆ ಸೀಟಿ ಅಕ್ಕೋರ ಕೈಯಾಗ ಕೊಡ್ರಿ. ಗಜೇಂದ್ರಗಡದ ಮಂದಿ ಭಾಳ ಗದ್ಲ ಮಾಡ್ತಾರ. ಅಲ್ಲಿ ಇಂಥಾ ಕಟ್ಟುನಿಟ್ಟಿನವರ ಬೇಕು.”

ನಾನು ಗೆದ್ದೆನೆಂದುಕೊಂಡು ಬಸ್ಸು ಹತ್ತಿದೆ. ಆ ಮಾತನ್ನು ಎರಡನೆಯ ಸಲ ಮನಸ್ಸಿನಲ್ಲಿ ಓದಲಿಲ್ಲ. ನನ್ನ ನ್ಯಾಯನಿಷ್ಠೆಯನ್ನು ಯಾವ ಊರಿನಲ್ಲಿ ಬಿಚ್ಚಬೇಕು, ಯಾವ ಊರಿನಲ್ಲಿ ಮಡಚಿಡಬೇಕು ಎಂಬುದನ್ನು ಅವರು ನಿರ್ಧರಿಸಿ ಮುಗಿಸಿದ್ದರು.

ಫೈನಲ್‌ನ ದಿನ ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರಗಳ ರೆಕ್ಕೆಗಳು ಬಿಡದೆ ತಿರುಗುತ್ತಿದ್ದವು. ಮೋಡ ಸರಿದು ಬಿಸಿಲು ಬಿದ್ದಿತ್ತು. ನೇಕಾರರ ಓಣಿಯಲ್ಲಿ ಅಂದು ಮಗ್ಗಗಳು ನಿಂತಿದ್ದವು, ಮಂದಿಯೆಲ್ಲ ಬಯಲಿನಲ್ಲಿದ್ದರು. ಆಯ್ಕೆಗಾರರಿಬ್ಬರು ಶಾಮಿಯಾನದಲ್ಲಿ ಅಪ್ಪಾಸಾಹೇಬರ ಪಕ್ಕ ಕುಳಿತಿದ್ದರು. ಅಂಪೈರರಿಗೆ ಚಹಾ ಕೊಡುವ ಸರದಿ ಈಗ ಗಜೇಂದ್ರಗಡದ್ದು. ಓಣಿಯವರು ಆ ಕೆಲಸವನ್ನು ಗೌರವವೆಂದು ಶಾಂತವ್ವನಿಗೇ ವಹಿಸಿದ್ದರು. ಬಯಲಿನ ಮೂಲೆಯಲ್ಲಿ ಸ್ಟವ್ ಹಚ್ಚಿಕೊಂಡು, ತಾನೇ ನೇಯ್ದ ಇಳಕಲ್ ಸೀರೆ ಉಟ್ಟು ಅವಳು ಸಿದ್ಧಳಾಗಿದ್ದಳು.

ಆಟಕ್ಕೆ ಮುನ್ನ ನಾನು ಎರಡೂ ತಂಡಗಳನ್ನು ಕರೆದು ಹೇಳಿದೆ, ಟೈಮ್‌ಔಟಿನ ನಿಮಿಷವೂ ಆಟದ್ದೇ, ಅಲ್ಲಿ ತಪ್ಪಿದರೂ ಊದುತ್ತೇನೆ. ಮಲ್ಲನಗೌಡರು ತಮ್ಮ ಹುಡುಗಿಯರಿಗೆ ಎಲ್ಲರೂ ಕೇಳುವಂತೆ ಹೇಳಿದರು: “ಕೇಳಿದ್ರಿಲ್ಲೋ? ಇಲ್ಲಿ ಬಾಯಿಗೆ ಬೀಗ. ಅಕ್ಕೋರ ಅದಾರ.”

ಮೊದಲ ಟೈಮ್‌ಔಟಿಗೆ ಶಾಂತವ್ವ ಕಪ್ಪು ಹಿಡಿದು ನನ್ನ ಬಳಿಯೂ ಬಂದಳು. ನಾನು ತಲೆಯಾಡಿಸಿದೆ. ಅವಳ ಮುಖ ಕಪ್ಪಿಟ್ಟಿತು.

“ನಮ್ಮ ಕೈಯಾಗಿನ ಚಹಾ ಕುಡಿಯಂಗಿಲ್ಲೇನ್ರಿ ಅಕ್ಕೋರ?”

“ಹಂಗಲ್ಲವ್ವಾ. ಆಟ ಮುಗೀಲಿ, ಕುಡೀತೀನಿ.”

ಅವಳು ಕಪ್ಪನ್ನು ಶೇಖರಪ್ಪ ಮಾಸ್ತರರಿಗೆ ಒಯ್ದಳು. ಅವರು ಮನಸಾರೆ ಕುಡಿದರು. ರೋಣದಲ್ಲಿ ಯಾರೂ ಬಾಗಿಲೊಳಗೆ ಕರೆಯದ ಹೆಂಗಸಿನ ಚಹಾವನ್ನು ಮೆಚ್ಚಿ ಹೊಗಳಿದರು. ಅವಳು ಅದೆಷ್ಟು ಹಿಗ್ಗಿದಳೆಂದರೆ, ಪಂದ್ಯ ಮುಗಿಯುವವರೆಗೆ ಅವರ ಕಪ್ಪು ಖಾಲಿಯಾಗಲು ಬಿಡುವುದಿಲ್ಲವೆಂದು ಅಲ್ಲೇ ನಿರ್ಧರಿಸಿದಂತಿತ್ತು.

ಆಟ ಸಮಸಮವಾಗಿ ನಡೆಯಿತು. ಗಿರಿಜಾ ಅಂದು ಆಡಿದಂತೆ ಆಡಿದವರನ್ನು ಆ ಬಯಲುಗಳಲ್ಲಿ ನಾನು ಕಂಡಿಲ್ಲ. ಆಯ್ಕೆಗಾರರಲ್ಲಿ ಒಬ್ಬರು ಕುರ್ಚಿಯ ತುದಿಗೆ ಬಂದಿದ್ದರು. ಕೊನೆಯ ಕಾಲುಭಾಗದಲ್ಲಿ, ಗಜೇಂದ್ರಗಡ ಕೂದಲೆಳೆಯಷ್ಟು ಮುಂದಿದ್ದಾಗ, ಮಲ್ಲನಗೌಡರು ಟೈಮ್‌ಔಟ್ ಕೇಳಿದರು. ಶಾಂತವ್ವನ ತಟ್ಟೆ ಹೊರಟಿತು. ಶೇಖರಪ್ಪ ಮಾಸ್ತರು ಅದರತ್ತ ನಡೆದು ಬೆನ್ನು ತಿರುಗಿಸಿದರು.

ರೋಣದ ಹುಡುಗಿಯರ ಬಾಯಿಗೆ ನಿಜವಾಗಿಯೂ ಬೀಗವಿತ್ತು. ಬೆಂಚಿನ ಮೇಲೆ ಸಾಲಾಗಿ, ಕೈಕಟ್ಟಿ, ಸಾಧ್ವಿಯರಂತೆ ಕುಳಿತಿದ್ದರು. ಹಿಮ್ಮಡಿಗಳು ಮಾತ್ರ ಆಡುತ್ತಿದ್ದವು. ಖಟಕ್ ಖಟಕ್, ಖಟಕ್ ಖಟಕ್. ಜನರ ಗದ್ದಲದಲ್ಲಿ ಶಾಮಿಯಾನಕ್ಕೆ ಕೇಳದಷ್ಟು ಮೆಲ್ಲಗೆ, ಪಕ್ಕದ ಬೆಂಚಿಗೆ ಕೇಳುವಷ್ಟು ಸ್ಪಷ್ಟವಾಗಿ. ಶ್ವೇತಾ ಶಾಂತವ್ವನ ಕಡೆ ಒಮ್ಮೆ, ಗಿರಿಜಾಳ ಕಡೆ ಒಮ್ಮೆ ನೋಡಿ, ತಲೆಯ ಮೇಲೆ ಗಂಟು ಹೊತ್ತವರಂತೆ ಎರಡೂ ಕೈ ಎತ್ತಿದಳು. ಅಷ್ಟೇ. ಒಂದು ಮಾತೂ ಆಡಲಿಲ್ಲ.

“ಕಾಲು ನಿಲ್ಲಸ್ರಿ, ಸರ್,” ಎಂದೆ.

“ಜೋಮು ಹಿಡದಾವ್ರಿ ಅಕ್ಕೋರ,” ಎಂದರು ಮಲ್ಲನಗೌಡರು. “ಕಾಲಿಗೂ ಬೀಗ ಹಾಕೂಣೇನು?”

ಹಿಮ್ಮಡಿಗಳು ನಿಲ್ಲಲಿಲ್ಲ. ನಾನು ಸೀಟಿ ಊದಿದೆ. ಟಿ ತೋರಿಸಲು ಕೈ ಎತ್ತುತ್ತಿದ್ದಂತೆ ಗಿರಿಜಾ ತನ್ನ ಬೆಂಚಿನಿಂದ ಎದ್ದು ಬಂದಳು. ಓಡಲಿಲ್ಲ, ನಡೆದುಕೊಂಡೇ ಬಂದಳು. ಕೈಯಲ್ಲಿದ್ದ ಬಾಟಲಿಯ ನೀರನ್ನು ಶ್ವೇತಾಳ ಮುಖಕ್ಕೆ ಎರಚಿದಳು.

“ನೀ ದೀಪಾವಳಿಗೆ ಉಟ್ಟ ಸೀರಿ ನಮ್ಮವ್ವ ನೇಯ್ದದ್ದು,” ಎಂದಳು. “ಬಾಗಲಾಗ ನಿಂತಾಕಿ ಕೊಟ್ಟದ್ದ ಮೈಮ್ಯಾಲ ಹಾಕ್ಕೊಂಡಿದ್ದಿ ನೀನು.”

ನನ್ನ ಸೀಟಿಯ ಸದ್ದಿಗೆ ಶೇಖರಪ್ಪ ಮಾಸ್ತರು ಬಾಯಲ್ಲಿದ್ದ ಗುಟುಕು ಮುಗಿಸಿಯೇ ತಿರುಗಿದ್ದರು. ಅವರು ತಿರುಗಿದಾಗ ಗಾಳಿಯಲ್ಲಿ ನೀರಿತ್ತು. ಅದಕ್ಕೆ ಮುಂಚಿನದು ಯಾವುದೂ ಅವರ ಪಾಲಿಗೆ ಇರಲಿಲ್ಲ.

ನಾನು ಎರಡೂ ಕಡೆ ಟೆಕ್ನಿಕಲ್ ಕೊಟ್ಟೆ. ರೋಣದ ಬೆಂಚಿಗೆ ಒಂದು, ಗಿರಿಜಾಳಿಗೆ ಒಂದು. ಅವಳದೂ ತಪ್ಪೇ, ಅದನ್ನು ನಾನು ಮುಚ್ಚಿಡಲಿಲ್ಲ, ಈಗಲೂ ಮುಚ್ಚಿಡುವುದಿಲ್ಲ. ಎರಡು ದಂಡಗಳು ಒಂದಕ್ಕೊಂದು ಸರಿಹೋಗಿ ಆಟ ನಿಂತಲ್ಲಿಂದಲೇ ಮುಂದುವರಿಯಬೇಕಿತ್ತು. ಮಾಸ್ತರು ಕಪ್ಪು ಹಿಡಿದೇ ಬಂದರು.

“ನೀರು ನಾ ಕಂಡೀನಿ. ಅದು ಖರೇ.”

“ಅದಕ್ಕಿಂತ ಮೊದಲ ಹಿಮ್ಮಡಿ, ಮಾಸ್ತರ. ನಾ ಊದಿದ್ದು ಅದಕ್ಕ.”

“ಹಿಮ್ಮಡಿ ನಾ ಕಂಡಿಲ್ಲ.”

“ನೀವು ಆ ಕಡೆ ಮುಖ ಮಾಡಿದ್ರಿ.”

“ಚಹಾ ಕೊಟ್ರ ಈ ಕಡೆ ಮುಖ ಮಾಡಿ ಕುಡಿಯಾಕ ಬರತದೇನ್ರಿ?” ಎಂದು ಅವರು ನಕ್ಕರು. ಮೇಜಿನವರಿಗೆ ಒಂದು ಬೆರಳು ತೋರಿಸಿದರು, ಆಮೇಲೆ ಗಿರಿಜಾಳನ್ನು ತೋರಿಸಿದರು. ಮೇಜಿನವರು ಅದನ್ನೇ ಬರೆದರು.

ಶಾಮಿಯಾನದಲ್ಲಿ ಅಪ್ಪಾಸಾಹೇಬರು ಚಪ್ಪಾಳೆ ತಟ್ಟಿದರು. ಬಾಗಿ ಆಯ್ಕೆಗಾರರಿಗೆ ಏನೋ ಹೇಳಿದರು. ಪಕ್ಕದಲ್ಲಿದ್ದವರಿಂದ ಆಮೇಲೆ ತಿಳಿಯಿತು, “ನಮ್ಮ ಅಕ್ಕೋರ ನೋಡ್ರಿ, ಎಷ್ಟು ಕಟ್ಟುನಿಟ್ಟು” ಎಂದರಂತೆ. ಊರವರು ನನ್ನನ್ನು ಬೈದದ್ದು ಯಾವುದೂ ಇಂದು ನೆನಪಿಲ್ಲ. ಆ ಹೊಗಳಿಕೆಯನ್ನು ಮಾತ್ರ ಕ್ಷಮಿಸಿಲ್ಲ.

ಶ್ವೇತಾ ಮುಖ ಒರೆಸಿಕೊಂಡು ಬಂದು ಫ್ರೀ ಥ್ರೋ ಹಾಕಿದಳು. ಚೆಂಡು ಬಲೆಗೆ ಬಿತ್ತು. ಅಂಕಗಳು ಸಮವಾದವು. ಕಂಡಿಕೆ ಸುತ್ತಿ ಪಳಗಿದ ಗಿರಿಜಾಳ ಮಣಿಕಟ್ಟು, ಹುಟ್ಟಿದಾಗಿನಿಂದ ಗುರಿ ತಪ್ಪದ್ದು, ಉಳಿದ ಹೊತ್ತಿನಲ್ಲಿ ಒಂದು ಚೆಂಡನ್ನೂ ಬಲೆಗೆ ಇಳಿಸಲಿಲ್ಲ. ರೋಣ ಗೆದ್ದಿತು.

ಆಯ್ಕೆಗಾರರ ಕಾರಿನ ತನಕ ನಾನು ಹೋದೆ. ನಡೆದದ್ದನ್ನು ಹೇಳಿದೆ. ಕುರ್ಚಿಯ ತುದಿಗೆ ಬಂದಿದ್ದವರು ಬಾಗಿಲು ಹಿಡಿದುಕೊಂಡೇ ಕೇಳಿದರು.

“ಆ ಹುಡುಗಿ ಆಟ ಭಾಳ ಚಲೋ ಐತ್ರಿ. ನಡತಿ ಸರಿ ಇಲ್ಲ. ನಾವು ಕಣ್ಣಾರೆ ನೋಡಿದ್ವಲ್ಲ.”

“ನೀವು ನೋಡಿದ್ದು ಅರ್ಧ.”

“ಉಳಿದರ್ಧ ಮುಖ್ಯ ಅಂಪೈರ್ ಸಹಿತ ನೋಡಿಲ್ಲ ಅಂತಾರಲ್ರೀ,” ಎಂದು ಅವರು ಕಾರು ಹತ್ತಿದರು.

ಸೀಟು ಶ್ವೇತಾಳಿಗೆ ಹೋಯಿತು. ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಅವಳಿಗೆ ಕಲಿಸಿದ್ದನ್ನು ಅವಳು ಆಡಿದಳು. ನನ್ನ ಸಿಟ್ಟು ಕಲಿಸಿದವರ ಮೇಲೆ. ಕಂಡರೆ ಶಿಕ್ಷಿಸಬೇಕಾಗುತ್ತದೆಂದು ಕಾಣದ ಕಡೆ ಮುಖ ಮಾಡಿ ನಿಂತವರ ಮೇಲೆ, ರೂಢಿಯ ಹೆಸರಿನಲ್ಲಿ ನಿಯಮವನ್ನು ಮಡಚಿಟ್ಟುಕೊಂಡು ಬೇಕಾದ ಊರಿನಲ್ಲಿ ಮಾತ್ರ ಬಿಚ್ಚಿದವರ ಮೇಲೆ. ಕುರುಡಾಗಿದ್ದವರಿಗೆ ಕಡೆಗೆ ಕಣ್ಣು ಬಂದದ್ದು ನೇಕಾರನ ಮಗಳ ಕೈಯಲ್ಲಿ ನೀರಿನ ಬಾಟಲಿ ಇದ್ದಾಗ.

ಬಯಲು ಬರಿದಾದ ಮೇಲೆ ಗಿರಿಜಾ ಬೆಂಚಿನ ಮೇಲೆ ಒಬ್ಬಳೇ ಕುಳಿತು ಬೂಟು ಬಿಚ್ಚುತ್ತಿದ್ದಳು. ನಾನು ಹೋಗಿ ನಿಂತೆ. ಅವಳು ಅಳುತ್ತಿರಲಿಲ್ಲ.

“ರೋಣದಾಗ ಊದಿದ್ರಿ, ಅಳಿಸಿದ್ರು. ನರಗುಂದದಾಗ ಕೂಗಿದ್ರಿ, ಕೇಳಲಿಲ್ಲ. ನಿಮ್ಮ ಸೀಟಿ ನಮ್ಮ ಮ್ಯಾಲ ಅಷ್ಟ ನಡೀತದೇನ್ರಿ, ಅಕ್ಕೋರ?”

ಪ್ರಶ್ನೆಗೆ ಉತ್ತರ ಸಿಗುವ ಶಾಲೆಯಲ್ಲಿ ಓದಿದವಳು ನಾನು. ಬಗ್ಗಿ ಅವಳ ಇನ್ನೊಂದು ಬೂಟಿನ ದಾರ ಬಿಚ್ಚಿದೆ.

ಆಗ ಶಾಂತವ್ವ ಬಂದಳು. ಕೈಯಲ್ಲಿ ಕಪ್ಪಿತ್ತು. ತಾನು ಕೊಟ್ಟ ಚಹಾವೇ ಮಗಳ ಕಡೆಗೆ ಮಾಸ್ತರರ ಬೆನ್ನು ತಿರುಗಿಸಿತೆಂಬುದು ಅವಳಿಗೆ ತಿಳಿದಿರಲಿಲ್ಲ. ನಾನು ಎಂದೂ ಹೇಳಿಲ್ಲ. ಮಗಳೂ ಹೇಳಿರಲಾರಳು.

“ಆಟ ಮುಗೀತ್ರಿ ಅಕ್ಕೋರ. ಈಗರ ಕುಡೀರಿ.”

ಕುಡಿದೆ. ತಣ್ಣಗಾಗಿತ್ತು.

ಗಿರಿಜಾ ಈಗ ಗಜೇಂದ್ರಗಡದಲ್ಲೇ ಇದ್ದಾಳೆ. ಹಗಲು ಮಗ್ಗ, ಸಂಜೆ ಓಣಿಯ ಹುಡುಗಿಯರಿಗೆ ಬಾಸ್ಕೆಟ್‌ಬಾಲ್ ಕಲಿಸುತ್ತಾಳೆ. ತೀರ್ಪುಗಾರರ ಪರೀಕ್ಷೆಗೆ ಕೂರು, ನಾನು ಓದಿಸುತ್ತೇನೆ ಎಂದು ಒಮ್ಮೆ ಕರೆದೆ. ಅವಳು ಲಾಳಿ ನಿಲ್ಲಿಸದೆಯೇ ಹೇಳಿದಳು: “ಒಲ್ಲೆರಿ. ಊದೂದಿದ್ರ ನೀವ ಊದ್ರಿ. ಆದ್ರ ಈ ಸಲ ರೋಣದಾಗ ಊದ್ರಿ.”

ಆ ಮಾತನ್ನು ಹೊತ್ತುಕೊಂಡೇ ನಾನು ಈ ಶ್ರಾವಣದಲ್ಲಿ ಅತಿಥಿಯ ಕುರ್ಚಿಯ ಮೇಲೆ ಕುಳಿತಿದ್ದೆ. ಚಹಾದ ತಟ್ಟೆ ಬಂದಿತ್ತು. ತೀರ್ಪುಗಾರರು ಬೆನ್ನು ತಿರುಗಿಸಿದ್ದರು. ಇಬ್ಬರೂ ಹೊಸಬರು, ಆ ಹಳೆಯ ಕಥೆ ಅವರಿಗೆ ಗೊತ್ತಿರಲಿಲ್ಲ, ರೂಢಿ ಮಾತ್ರ ಗೊತ್ತಿತ್ತು. ಅವರ ಬೆನ್ನ ಹಿಂದೆ ರೋಣದ ಬೆಂಚಿನ ಹುಡುಗಿಯರು ಎದ್ದು ಎದುರಾಳಿಗಳ ಬೆಂಚಿನ ಕಡೆ ಹೊರಟಿದ್ದರು. ಈ ಸಲದ ಎದುರಾಳಿಗಳು ಯಾವುದೋ ಹಳ್ಳಿಯಿಂದ ಹೊಲಗಳ ನಡುವೆ ಟ್ರ್ಯಾಕ್ಟರಿನಲ್ಲಿ ಬಂದವರು. ಬೂಟಿನ ಎರೆಮಣ್ಣು ಇನ್ನೂ ಒಣಗಿರಲಿಲ್ಲ.

“ಏ, ನೇಗಿಲ ಎಲ್ಲಿ ಬಿಟ್ಟು ಬಂದ್ರಿ?” ಎಂದಳು ಒಬ್ಬಳು. ಉಳಿದವರು ನಗುತ್ತ ಎತ್ತು ಹೊಡೆಯುವ ಸದ್ದು ಮಾಡತೊಡಗಿದರು.

ಅತಿಥಿಗೆ ಸೀಟಿಯ ಅಧಿಕಾರವಿಲ್ಲ. ಅದೂ ನಿಯಮವೇ, ನನಗೆ ಗೊತ್ತಿದೆ. ಕೈಚೀಲದಲ್ಲಿ ನನ್ನ ಹಳೆಯ ಸೀಟಿ ಇತ್ತು. ಕುರ್ಚಿಯಿಂದ ಎದ್ದು, ಅಂಗಣದ ಗೆರೆಯ ತನಕ ನಡೆದು, ಎದೆಯಲ್ಲಿದ್ದ ಉಸಿರನ್ನೆಲ್ಲ ಅದಕ್ಕೆ ಕೊಟ್ಟೆ.

ಹುಡುಗಿಯರು ನಿಂತರು. ತೀರ್ಪುಗಾರರಿಬ್ಬರೂ ಕಪ್ಪು ಹಿಡಿದೇ ಸರಕ್ಕನೆ ತಿರುಗಿದರು. ಈ ಸಲ ಅವರ ಕಣ್ಣಿಗೆ ಬಿದ್ದದ್ದು ಅರ್ಧವಲ್ಲ. ಸಾಲುಗಟ್ಟಿ ನಿಂತ ರೋಣದ ಬೆಂಚು, ತಲೆ ತಗ್ಗಿಸಿದ ಆ ಹಳ್ಳಿಯ ಹುಡುಗಿಯರು, ನಡುವೆ ಒಂದು ಮಾರು ದೂರ.

“ಆಟನ ನಿಂತೈತಲ್ರೀ ಅಕ್ಕೋರ,” ಎಂದರು ಶಾಮಿಯಾನದಿಂದ ಒಬ್ಬರು.

“ಅದಕ್ಕ ಊದೇನಿ,” ಎಂದೆ.